ಕೃಷಿ ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿ: ಅರ್ಹತೆ, ವ್ಯಾಸಂಗ ಮತ್ತು ಸಂಶೋಧನೆ

ರೈತರ ಮಕ್ಕಳು ಕೃಷಿ ಎಂಜಿನಿಯರಿಂಗ್ ಕಾಲೇಜು ಸೇರುವುದು ಈಗ ಹೊಸ ಸಂಗತಿಯೇನಲ್ಲ. ಆದರೆ ನಾಲ್ಕು ವರ್ಷಗಳ ಬಿ.ಟೆಕ್. ಮುಗಿಸಿದ ಮಗನೋ ಮಗಳೋ ಊರಿಗೆ ಬಂದು "ಇನ್ನೂ ಎರಡು ವರ್ಷ ಎಂ.ಟೆಕ್. ಓದುತ್ತೇನೆ" ಎಂದಾಗ ಮನೆಯ ಹಿರಿಯರಿಗೆ ಏನು ಹೇಳಬೇಕೆಂದು ತೋಚುವುದಿಲ್ಲ. ಆ ಪದವಿಗೆ ಯಾರು ಅರ್ಹರು, ಎಷ್ಟು ಕಾಲ ಹಿಡಿಯುತ್ತದೆ, ಏನೇನು ಪೂರೈಸಬೇಕು, ಖರ್ಚು ಎಷ್ಟು ಎಂಬುದು ತಿಳಿಯದೆ ಕೆಲವರು ಕಣ್ಣು ಮುಚ್ಚಿ ಬೇಡವೆನ್ನುತ್ತಾರೆ. ಮತ್ತೆ ಕೆಲವರು ಕಣ್ಣು ಮುಚ್ಚಿ ಸಾಲ ತೆಗೆಯುತ್ತಾರೆ. ಎರಡರಿಂದಲೂ ನಷ್ಟವೇ. ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರ ಹಾಕುವ ರೈತರು ಮಕ್ಕಳ ವಿದ್ಯಾಭ್ಯಾಸದಲ್ಲಿಯೂ ಅದೇ ಕ್ರಮವನ್ನು ಅನುಸರಿಸುವುದು ಒಳ್ಳೆಯದು. ಈ ಪದವಿಯನ್ನು ಪಡೆಯಲು ಬೇಕಾದ ಅರ್ಹತೆಗಳನ್ನೂ ಅದರ ವಿವಿಧ ಹಂತಗಳನ್ನೂ ಇಲ್ಲಿ ವಿವರಿಸಲಾಗಿದೆ.

ಪದವಿಯ ಸ್ವರೂಪ

ಕೃಷಿ ಎಂಜಿನಿಯರಿಂಗ್ ಎಂದರೆ ಟ್ರ್ಯಾಕ್ಟರ್ ರಿಪೇರಿ ಎಂಬ ತಪ್ಪು ಕಲ್ಪನೆ ಇನ್ನೂ ಹಳ್ಳಿಗಳಲ್ಲಿದೆ. ವಾಸ್ತವವಾಗಿ ಇದರಲ್ಲಿ ಹಲವು ಶಾಖೆಗಳಿವೆ. ಕೃಷಿ ಯಂತ್ರೋಪಕರಣ ಮತ್ತು ಶಕ್ತಿ, ಮಣ್ಣು ಮತ್ತು ನೀರು ಸಂರಕ್ಷಣೆ, ನೀರಾವರಿ ಮತ್ತು ಬಸಿಗಾಲುವೆ, ಸಂಸ್ಕರಣೆ ಮತ್ತು ಆಹಾರ ಎಂಜಿನಿಯರಿಂಗ್, ನವೀಕರಿಸಬಹುದಾದ ಇಂಧನ ಇವು ಮುಖ್ಯವಾದವು. ಬಿ.ಟೆಕ್. ಪದವಿಯಲ್ಲಿ ಇವೆಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿಸಲಾಗುತ್ತದೆ. ಎಂ.ಟೆಕ್.ನಲ್ಲಿ ಒಂದು ಶಾಖೆಯನ್ನು ಆರಿಸಿಕೊಂಡು ಅದರಲ್ಲಿ ಆಳವಾಗಿ ಓದಬೇಕು ಮತ್ತು ಸ್ವಂತವಾಗಿ ಒಂದು ಸಂಶೋಧನೆ ನಡೆಸಬೇಕು.

ನಮ್ಮ ದೇಶದಲ್ಲಿ ಈ ವಿಷಯದ ಪದವಿ ಶಿಕ್ಷಣ 1942ರಲ್ಲಿ ಅಲಹಾಬಾದಿನ ಕೃಷಿ ಸಂಸ್ಥೆಯಲ್ಲಿ ಮೇಸನ್ ವಾ ಅವರ ಪ್ರಯತ್ನದಿಂದ ಪ್ರಾರಂಭವಾಯಿತು. 1952ರಲ್ಲಿ ಖರಗ್‌ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಈ ವಿಭಾಗ ಆರಂಭಗೊಂಡಿತು. ನಮ್ಮ ರಾಜ್ಯದಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾನಿಲಯಕ್ಕೂ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯಕ್ಕೂ ಸೇರಿದ ಕೃಷಿ ಎಂಜಿನಿಯರಿಂಗ್ ಕಾಲೇಜುಗಳಿವೆ.

ಮೂಲ ಅರ್ಹತೆ

ಎಂ.ಟೆಕ್.ಗೆ ಸೇರಲು ನಾಲ್ಕು ವರ್ಷಗಳ ಬಿ.ಟೆಕ್. ಅಥವಾ ಬಿ.ಇ. ಪದವಿ ಬೇಕು. ಕೃಷಿ ಎಂಜಿನಿಯರಿಂಗ್ ಪದವೀಧರರಿಗೆ ಎಲ್ಲ ಶಾಖೆಗಳೂ ತೆರೆದಿರುತ್ತವೆ. ಕೆಲವು ಶಾಖೆಗಳಿಗೆ ಮೆಕ್ಯಾನಿಕಲ್, ಸಿವಿಲ್ ಅಥವಾ ಆಹಾರ ತಂತ್ರಜ್ಞಾನ ಪದವೀಧರರನ್ನೂ ತೆಗೆದುಕೊಳ್ಳುವುದುಂಟು. ಇದು ಒಂದೊಂದು ವಿಶ್ವವಿದ್ಯಾನಿಲಯದಲ್ಲಿ ಒಂದೊಂದು ರೀತಿಯಾಗಿರುವುದರಿಂದ ಆಯಾ ವರ್ಷದ ಪ್ರವೇಶ ಪ್ರಕಟಣೆಯನ್ನು ಓದಿಯೇ ನಿರ್ಧರಿಸಬೇಕು.

ಬಿ.ಎಸ್ಸಿ. (ಕೃಷಿ) ಓದಿದವರು ಎಂ.ಟೆಕ್.ಗೆ ಹೋಗಬಹುದೇ ಎಂದು ಅನೇಕರು ಕೇಳುತ್ತಾರೆ. ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ ಸಾಮಾನ್ಯವಾಗಿ ಇದು ಸಾಧ್ಯವಿಲ್ಲ. ಅವರ ದಾರಿ ಎಂ.ಎಸ್ಸಿ. (ಕೃಷಿ). ಹೆಸರಿನಲ್ಲಿ "ಕೃಷಿ" ಎಂಬ ಪದ ಇದ್ದ ಮಾತ್ರಕ್ಕೆ ಎರಡೂ ಒಂದೇ ಪದವಿಯಾಗುವುದಿಲ್ಲ.

ಹೀಗಾಗಿ ಎಂ.ಟೆಕ್.ನ ತೀರ್ಮಾನ ನಿಜವಾಗಿ ಆಗುವುದು ಹತ್ತನೆಯ ತರಗತಿ ಮುಗಿದಾಗ. ಕೃಷಿ ಎಂಜಿನಿಯರಿಂಗ್ ಬಿ.ಟೆಕ್.ಗೆ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳ ಜೊತೆಗೆ ಗಣಿತ ಓದಿರಬೇಕು. ಗಣಿತ ಕಷ್ಟವೆಂದು ಅದನ್ನು ಕೈಬಿಟ್ಟು ಜೀವಶಾಸ್ತ್ರವನ್ನು ಮಾತ್ರ ಹಿಡಿದ ಮಕ್ಕಳಿಗೆ ಬಿ.ಎಸ್ಸಿ. (ಕೃಷಿ) ಸಿಗಬಹುದು, ಬಿ.ಟೆಕ್. ಸಿಗದು. ಮಕ್ಕಳಿಗೆ ಯಂತ್ರಗಳಲ್ಲಿ ಆಸಕ್ತಿ ಇದೆಯೆಂದು ಕಂಡರೆ ಈ ವಿಷಯವನ್ನು ಪಿ.ಯು.ಸಿ.ಗೆ ಸೇರಿಸುವಾಗಲೇ ಗಮನಿಸಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮತ್ತು ಜೀವಶಾಸ್ತ್ರ ನಾಲ್ಕನ್ನೂ ತೆಗೆದುಕೊಂಡವರಿಗೆ ಎರಡು ದಾರಿಗಳೂ ತೆರೆದಿರುತ್ತವೆ.

ಪ್ರವೇಶದ ಎರಡು ಬಾಗಿಲುಗಳು

ಬಿ.ಟೆಕ್. ಅಂಕಪಟ್ಟಿಯೊಂದರಿಂದಲೇ ಎಂ.ಟೆಕ್. ಪ್ರವೇಶ ದೊರೆಯುವುದು ಅಪರೂಪ. ಪ್ರವೇಶ ಪರೀಕ್ಷೆ ಬರೆಯಬೇಕು. ಅದರಲ್ಲಿ ಮುಖ್ಯವಾಗಿ ಎರಡು ಬಗೆ.

ಮೊದಲನೆಯದು ಕೃಷಿ ವಿಶ್ವವಿದ್ಯಾನಿಲಯಗಳ ದಾರಿ. ದೇಶದ ಕೃಷಿ ವಿಶ್ವವಿದ್ಯಾನಿಲಯಗಳಲ್ಲಿನ ಸ್ನಾತಕೋತ್ತರ ಸ್ಥಾನಗಳ ಒಂದು ಭಾಗವನ್ನು ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಅಖಿಲ ಭಾರತ ಪರೀಕ್ಷೆಯ ಮೂಲಕ ತುಂಬುತ್ತದೆ. ಉಳಿದ ಸ್ಥಾನಗಳಿಗೆ ಆಯಾ ವಿಶ್ವವಿದ್ಯಾನಿಲಯವೇ ತನ್ನ ನಿಯಮಗಳಂತೆ ಆಯ್ಕೆ ಮಾಡುತ್ತದೆ. ನಮ್ಮ ಮಕ್ಕಳು ಪಂಜಾಬ್, ತಮಿಳುನಾಡು ಅಥವಾ ಮಹಾರಾಷ್ಟ್ರದ ಕೃಷಿ ವಿಶ್ವವಿದ್ಯಾನಿಲಯಗಳಿಗೆ ಹೋಗಲು ಈ ಅಖಿಲ ಭಾರತ ಪರೀಕ್ಷೆಯೇ ಬಾಗಿಲು.

ಎರಡನೆಯದು "ಗೇಟ್" ಪರೀಕ್ಷೆ. ಇದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಏಳು ಭಾರತೀಯ ತಂತ್ರಜ್ಞಾನ ಸಂಸ್ಥೆಗಳು ಕೂಡಿ ನಡೆಸುತ್ತವೆ. ಕೃಷಿ ಎಂಜಿನಿಯರಿಂಗಿಗೆ ಪ್ರತ್ಯೇಕ ಪ್ರಶ್ನೆಪತ್ರಿಕೆ ಇದೆ. ಅವಧಿ 3 ಗಂಟೆ, ಪ್ರಶ್ನೆಗಳು 65, ಒಟ್ಟು 100 ಅಂಕ. ಇದರಲ್ಲಿ 15 ಅಂಕ ಸಾಮಾನ್ಯ ಸಾಮರ್ಥ್ಯಕ್ಕೆ, 13 ಅಂಕ ಗಣಿತಕ್ಕೆ, ಉಳಿದ 72 ಅಂಕ ವಿಷಯಕ್ಕೆ. ಹಲವು ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವಿದೆ. ಲೆಕ್ಕ ಮಾಡಿ ಸಂಖ್ಯೆಯನ್ನೇ ಬರೆಯಬೇಕಾದ ಪ್ರಶ್ನೆಗಳಲ್ಲಿ ಕಡಿತವಿಲ್ಲ. ಫಲಿತಾಂಶ ಬಂದ ದಿನದಿಂದ ಮೂರು ವರ್ಷ ಈ ಅಂಕ ಮಾನ್ಯವಾಗಿರುತ್ತದೆ. ಆದ್ದರಿಂದ ಪದವಿ ಮುಗಿದ ಕೂಡಲೇ ಸೇರಲಾಗದ ಮಕ್ಕಳು ಒಂದೆರಡು ವರ್ಷ ಕೆಲಸ ಮಾಡಿ ಆಮೇಲೂ ಸೇರಬಹುದು. ಪದವಿಯ ಮೂರನೆಯ ವರ್ಷದಲ್ಲಿರುವವರೂ ಈ ಪರೀಕ್ಷೆಗೆ ಕೂರಬಹುದು.

ಇಲ್ಲೊಂದು ಎಚ್ಚರಿಕೆ. ಪರೀಕ್ಷೆಗೆ ಕೂರಲು ಅವಕಾಶ ದೊರೆತರೆ ಪ್ರವೇಶಕ್ಕೂ ಅರ್ಹತೆ ದೊರೆಯಿತೆಂದು ತಿಳಿಯಬಾರದು. ಪರೀಕ್ಷೆ ನಡೆಸುವವರು ಬೇರೆ, ಸ್ಥಾನ ಕೊಡುವವರು ಬೇರೆ. ಅರ್ಜಿ ಶುಲ್ಕ ಕಟ್ಟುವ ಮುನ್ನ ಎರಡೂ ಕಡೆಯ ನಿಯಮಗಳನ್ನು ನೋಡಿಕೊಳ್ಳಬೇಕು.

ಪದವಿಗೆ ಎಪ್ಪತ್ತು ಕ್ರೆಡಿಟ್

ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 2021ರಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಹೊಸ ಪಠ್ಯಕ್ರಮ ಮತ್ತು ನಿಯಮಾವಳಿಯನ್ನು ಹೊರತಂದಿತು. ಅದರಂತೆ ಎಂ.ಟೆಕ್. ಪದವಿಗೆ ಒಟ್ಟು 70 ಕ್ರೆಡಿಟ್ ಪೂರೈಸಬೇಕು. ಕ್ರೆಡಿಟ್ ಎಂದರೆ ಪಾಠದ ಅಳತೆ. ಒಂದು ಸೆಮಿಸ್ಟರಿನಲ್ಲಿ ವಾರಕ್ಕೆ ಒಂದು ಗಂಟೆಯ ಪಾಠ ನಡೆದರೆ ಅದು ಒಂದು ಕ್ರೆಡಿಟ್. ಪ್ರಯೋಗಶಾಲೆಯ ಕೆಲಸವಾದರೆ ಒಂದು ಕ್ರೆಡಿಟ್‌ಗೆ ಅದಕ್ಕಿಂತ ಹೆಚ್ಚು ಹೊತ್ತು ದುಡಿಯಬೇಕು. ಪಠ್ಯಕ್ರಮದಲ್ಲಿ "2+1" ಎಂದು ಬರೆದಿದ್ದರೆ ಎರಡು ಕ್ರೆಡಿಟ್ ಪಾಠ, ಒಂದು ಕ್ರೆಡಿಟ್ ಪ್ರಾಯೋಗಿಕ ಎಂದು ಅರ್ಥ.

ಈ 70 ಕ್ರೆಡಿಟ್‌ಗಳ ಹಂಚಿಕೆ ಹೀಗಿದೆ:

1. ಮುಖ್ಯ ವಿಷಯ: 20
2. ಪೂರಕ ವಿಷಯ: 8
3. ಸಹಾಯಕ ವಿಷಯ (ಸಂಖ್ಯಾಶಾಸ್ತ್ರ, ಗಣಿತ ಮುಂತಾದವು): 6
4. ಎಲ್ಲರಿಗೂ ಸಾಮಾನ್ಯವಾದ ಪಾಠಗಳು: 5
5. ಸೆಮಿನಾರ್: 1
6. ಸಂಶೋಧನೆ ಮತ್ತು ಪ್ರಬಂಧ: 30

ಸಾಮಾನ್ಯ ಪಾಠಗಳಲ್ಲಿ ಗ್ರಂಥಾಲಯದ ಬಳಕೆ, ತಾಂತ್ರಿಕ ಬರವಣಿಗೆ, ಬೌದ್ಧಿಕ ಹಕ್ಕುಗಳು, ಪ್ರಯೋಗಶಾಲೆಯ ಮೂಲ ಕ್ರಮಗಳು, ಸಂಶೋಧನೆಯ ನೀತಿ ಮತ್ತು ಗ್ರಾಮಾಭಿವೃದ್ಧಿ ಕಾರ್ಯಕ್ರಮಗಳು ಸೇರಿವೆ. ಕನಿಷ್ಠ ಅವಧಿ ನಾಲ್ಕು ಸೆಮಿಸ್ಟರ್, ಅಂದರೆ ಎರಡು ವರ್ಷ. ಒಂದೊಂದು ವಿಷಯದಲ್ಲಿಯೂ ಪಾಸಾಗುವುದಲ್ಲದೆ, ಒಟ್ಟು ಸರಾಸರಿಯೂ ವಿಶ್ವವಿದ್ಯಾನಿಲಯ ಗೊತ್ತುಪಡಿಸಿದ ಮಟ್ಟಕ್ಕಿಂತ ಕೆಳಗಿಳಿಯಬಾರದು. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಸುಗ್ಗಿಯ ಕೆಲಸಕ್ಕೆಂದು ತಿಂಗಳುಗಟ್ಟಲೆ ಮಗನನ್ನು ಊರಿಗೆ ಕರೆಸಿಕೊಳ್ಳುವ ಹಿರಿಯರು ಇದನ್ನು ನೆನಪಿಡಬೇಕು.

ಮೇಲಿನ ಪಟ್ಟಿಯಲ್ಲಿ ಅತಿ ದೊಡ್ಡ ಭಾಗ ಸಂಶೋಧನೆಯದು ಎಂಬುದನ್ನು ಗಮನಿಸಿರಿ. ಓದಿ ಪರೀಕ್ಷೆ ಬರೆಯುವುದರಲ್ಲಿ ಮಾತ್ರ ಜಾಣರಾದವರು ಇಲ್ಲಿ ತಡವರಿಸುತ್ತಾರೆ.

ಸಲಹಾ ಸಮಿತಿ

ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ಸಲಹಾ ಸಮಿತಿ ಇರುತ್ತದೆ. ಮುಖ್ಯ ಮಾರ್ಗದರ್ಶಕರು ಅದರ ಅಧ್ಯಕ್ಷರು. ಮುಖ್ಯ, ಪೂರಕ ಮತ್ತು ಸಹಾಯಕ ವಿಷಯಗಳ ಅಧ್ಯಾಪಕರು ಸದಸ್ಯರು. ಪೂರಕ ವಿಷಯವಾಗಿ ಬೇಸಾಯಶಾಸ್ತ್ರವನ್ನು ಆರಿಸಿದರೆ ನಮ್ಮಂಥ ಬೇಸಾಯಶಾಸ್ತ್ರದವರೂ ಆ ಸಮಿತಿಯಲ್ಲಿ ಕೂರುತ್ತೇವೆ. ಇದಕ್ಕೆ ಕಾರಣವಿದೆ. ಯಂತ್ರ ಎಷ್ಟೇ ಚೆನ್ನಾಗಿದ್ದರೂ ಬೆಳೆಗೆ ಹೊಂದದಿದ್ದರೆ ಪ್ರಯೋಜನವಿಲ್ಲ. ಉದಾಹರಣೆಗೆ, ಸಾಲಿನಿಂದ ಸಾಲಿಗೆ 30 ಸೆಂ.ಮೀ. ಅಂತರವಿರುವ ಶೇಂಗಾ ಹೊಲದಲ್ಲಿ ಎಡೆ ಹೊಡೆಯುವ ಯಂತ್ರದ ಕುಡ 20 ಸೆಂ.ಮೀ. ಅಗಲವಿದ್ದರೆ ಎರಡೂ ಬದಿಗೆ 5 ಸೆಂ.ಮೀ. ಜಾಗ ಉಳಿಯುತ್ತದೆ. ಕುಡವನ್ನು 28 ಸೆಂ.ಮೀ.ಗೆ ಹಿಗ್ಗಿಸಿದರೆ ಕಳೆ ಹೆಚ್ಚು ಸಾಯುವುದು ನಿಜ. ಆದರೆ ಯಂತ್ರ ಒಂದು ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು ಅತ್ತಿತ್ತ ಸರಿದರೂ ಗಿಡವೇ ಕತ್ತರಿಸಿಹೋಗುತ್ತದೆ. ಹೂ ಬಿಟ್ಟು ಹೂಜಿಗಳು ಮಣ್ಣಿಗೆ ಇಳಿಯುವ ಹೊತ್ತಿನಲ್ಲಿ ಎಡೆ ಹೊಡೆದರೆ ಇಳುವರಿಯೇ ಕುಂದುತ್ತದೆ. ಈ ಮಾತನ್ನು ಹೇಳಲು ಎಂಜಿನಿಯರ್ ಪಕ್ಕದಲ್ಲಿ ಬೆಳೆ ತಿಳಿದವರು ಇರಬೇಕು.

ಸಂಶೋಧನೆ ಎಂದರೇನು?

ಯಂತ್ರವೊಂದನ್ನು ತಯಾರಿಸಿ "ಚೆನ್ನಾಗಿ ಓಡಿತು" ಎಂದು ಬರೆದರೆ ಪ್ರಬಂಧವಾಗುವುದಿಲ್ಲ. ಅಳೆದು ತೋರಿಸಬೇಕು. ಒಂದು ಸರಳ ಲೆಕ್ಕವನ್ನು ನೋಡೋಣ.

1.8 ಮೀ. ಅಗಲದ ಕೂರಿಗೆಯನ್ನು ಟ್ರ್ಯಾಕ್ಟರಿಗೆ ಹೂಡಿ ಗಂಟೆಗೆ 4 ಕಿ.ಮೀ. ವೇಗದಲ್ಲಿ ಎಳೆಸಿದೆವೆನ್ನಿ. ಅಗಲವನ್ನು ವೇಗದಿಂದ ಗುಣಿಸಿ 10ರಿಂದ ಭಾಗಿಸಿದರೆ ಗಂಟೆಗೆ 0.72 ಹೆಕ್ಟೇರ್ ಬರುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ಹೊಲದಲ್ಲಿ ತಿರುವಿಗೆ, ಬೀಜ ತುಂಬಲು, ಸಿಕ್ಕಿದ ಕಸ ತೆಗೆಯಲು ಕಾಲ ಹೋಗುತ್ತದೆ. ದಕ್ಷತೆ ಶೇ. 70 ಎಂದು ಹಿಡಿದರೆ ನಿಜವಾಗಿ ಬಿತ್ತಿದ್ದು ಗಂಟೆಗೆ ಸುಮಾರು 0.50 ಹೆಕ್ಟೇರ್, ಅಂದರೆ ಒಂದು ಎಕರೆ ಹತ್ತು ಗುಂಟೆ. ಚಿಕ್ಕ ಹಿಡುವಳಿಗಳಲ್ಲಿ ತಿರುವು ಹೆಚ್ಚಾದಷ್ಟೂ ಈ ದಕ್ಷತೆ ಇನ್ನೂ ಇಳಿಯುತ್ತದೆ. ಎಷ್ಟು ಇಳಿಯುತ್ತದೆ, ಕೂರಿಗೆಯ ರಚನೆಯನ್ನು ಬದಲಿಸಿದರೆ ಎಷ್ಟು ಏರುತ್ತದೆ, ಡೀಸೆಲ್ ಎಷ್ಟು ಉಳಿಯುತ್ತದೆ, ಬೀಜ ಸಮನಾದ ಆಳಕ್ಕೆ ಬಿತ್ತೇ, ಮೊಳಕೆ ಎಷ್ಟು ಬಂತು? ಇಂತಹ ಪ್ರಶ್ನೆಗಳಿಗೆ ಹಲವು ತಾಕುಗಳಲ್ಲಿ, ಪುನರಾವರ್ತನೆಗಳೊಡನೆ, ಅಳೆದು ಉತ್ತರ ಕೊಡುವುದೇ ಎಂ.ಟೆಕ್. ಸಂಶೋಧನೆ. ಒಂದು ತಾಕಿನಲ್ಲಿ ಬಂದ ಫಲ ಮಣ್ಣಿನ ಗುಣದಿಂದ ಬಂದದ್ದೋ ಯಂತ್ರದ ಗುಣದಿಂದ ಬಂದದ್ದೋ ಎಂದು ಬೇರ್ಪಡಿಸಲು ಸಂಖ್ಯಾಶಾಸ್ತ್ರ ಬೇಕಾಗುತ್ತದೆ.

ಎರಡು ವರ್ಷ, ಒಂದೇ ಮುಂಗಾರು

ಬೆಳೆಗೆ ಸಂಬಂಧಿಸಿದ ಸಂಶೋಧನೆ ಮಾಡುವವರು ತಪ್ಪದೆ ತಿಳಿಯಬೇಕಾದ ವಿಷಯವೊಂದಿದೆ. ಪ್ರವೇಶದ ಕೆಲಸ ಮುಗಿದು ಪಾಠಗಳು ಪ್ರಾರಂಭವಾಗುವ ವೇಳೆಗೆ ಸಾಮಾನ್ಯವಾಗಿ ಆ ವರ್ಷದ ಮುಂಗಾರು ಬಿತ್ತನೆ ಮುಗಿದಿರುತ್ತದೆ. ಮೊದಲ ವರ್ಷ ಪಾಠದಲ್ಲಿಯೇ ಕಳೆಯುತ್ತದೆ. ಉಳಿಯುವುದು ಎರಡನೆಯ ವರ್ಷದ ಮುಂಗಾರು ಒಂದೇ. ಅದೂ ಕೈತಪ್ಪಿದರೆ ಮತ್ತೊಂದು ವರ್ಷ ಕಾಯಬೇಕು. ಆ ವರ್ಷಕ್ಕೆ ಶುಲ್ಕ ಕಟ್ಟಬೇಕು. ವಿದ್ಯಾರ್ಥಿವೇತನ ಮಾತ್ರ ಬರುವುದಿಲ್ಲ.

ಆದ್ದರಿಂದ ವಿದ್ಯಾರ್ಥಿಗಳು ಈ ಕೆಳಗಿನ ಕ್ರಮವನ್ನು ಅನುಸರಿಸುವುದು ಒಳಿತು:

(ಅ) ಮೊದಲನೆಯ ಸೆಮಿಸ್ಟರಿನಲ್ಲಿಯೇ ಮಾರ್ಗದರ್ಶಕರೊಡನೆ ಚರ್ಚಿಸಿ ವಿಷಯವನ್ನು ಗೊತ್ತುಮಾಡಿಕೊಳ್ಳಬೇಕು.

(ಆ) ಸಂಶೋಧನೆಯ ರೂಪುರೇಷೆಗೆ ಯುಗಾದಿಯ ಒಳಗಾಗಿ ಸಮಿತಿಯ ಒಪ್ಪಿಗೆ ಪಡೆಯಬೇಕು.

(ಇ) ಯಂತ್ರವನ್ನು ಬೇಸಿಗೆಯಲ್ಲಿಯೇ ವರ್ಕ್‌ಶಾಪಿನಲ್ಲಿ ತಯಾರಿಸಿ, ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ, ಮೊದಲ ಹದ ಮಳೆಗೆ ಹೊಲಕ್ಕೆ ಇಳಿಸಲು ಸಿದ್ಧವಿಟ್ಟುಕೊಳ್ಳಬೇಕು.

(ಈ) ಮಳೆ ಕೈಕೊಟ್ಟರೆ ಪ್ರಯೋಗ ನಿಲ್ಲದಂತೆ ನೀರಾವರಿ ಇರುವ ಒಂದು ತಾಕನ್ನು ಗುರುತಿಸಿಟ್ಟಿರಬೇಕು.

ರೈತರ ಹೊಲದಲ್ಲಿ ಪ್ರಯೋಗ ನಡೆಯುವುದೂ ಉಂಟು. ಹೊಲ ಕೊಡುವ ರೈತರಲ್ಲಿ ಒಂದು ವಿನಂತಿ. ಹೋಲಿಕೆಗೆಂದು ಕಳೆ ತೆಗೆಯದೆ ಬಿಟ್ಟ ತಾಕನ್ನು ಕಂಡು ಕನಿಕರದಿಂದ ಆಳು ಹಚ್ಚಿ ಕಳೆ ತೆಗೆಸಬೇಡಿರಿ. ಒಂದು ತಾಕಿಗೆ ಮಾತ್ರ ಎರಡು ಹಿಡಿ ಯೂರಿಯಾ ಹೆಚ್ಚಾಗಿ ಹಾಕಬೇಡಿರಿ. ನಿಮ್ಮದು ಒಳ್ಳೆಯ ಮನಸ್ಸೇ ಇರಬಹುದು. ಆದರೆ ಅದರಿಂದ ಹುಡುಗನ ಒಂದು ವರ್ಷ ನೀರುಪಾಲಾಗುತ್ತದೆ. ಅಷ್ಟೇ ಅಲ್ಲ, ಆ ಪ್ರಯೋಗದಿಂದ ನಿಮಗೆ ದೊರೆಯಬೇಕಾಗಿದ್ದ ಉತ್ತರವೂ ದೊರೆಯುವುದಿಲ್ಲ.

ಪ್ರಬಂಧ ಮತ್ತು ಮೌಖಿಕ ಪರೀಕ್ಷೆ

ಪ್ರಯೋಗ ಮುಗಿದ ಮೇಲೆ ಪ್ರಬಂಧ ಬರೆದು ಒಪ್ಪಿಸಬೇಕು. ಅದನ್ನು ಹೊರಗಿನ ಪರೀಕ್ಷಕರು ಓದಿ ತೀರ್ಪು ಕೊಡುತ್ತಾರೆ. ಅನಂತರ ಮೌಖಿಕ ಪರೀಕ್ಷೆ ನಡೆಯುತ್ತದೆ. ಇನ್ನೊಬ್ಬರ ಬರವಣಿಗೆಯನ್ನು ಎತ್ತಿ ಹಾಕುವುದನ್ನು ತಡೆಯಲು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ 2018ರಲ್ಲಿ ನಿಯಮಗಳನ್ನು ಮಾಡಿದೆ. ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಶೇ. 10ರಿಂದ 40ರವರೆಗಾದರೆ ತಿದ್ದಿ ಆರು ತಿಂಗಳೊಳಗೆ ಮತ್ತೆ ಒಪ್ಪಿಸಬೇಕು. ಶೇ. 40ರಿಂದ 60ರವರೆಗಾದರೆ ಒಂದು ವರ್ಷ ಒಪ್ಪಿಸುವಂತಿಲ್ಲ. ಶೇ. 60 ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಹಣ ಕೊಟ್ಟರೆ ಪ್ರಬಂಧ ಬರೆದುಕೊಡುತ್ತೇವೆ ಎನ್ನುವವರ ಬಲೆಗೆ ಬೀಳುವುದು ಎಷ್ಟು ಅಪಾಯವೆಂದು ಇದರಿಂದ ತಿಳಿಯುತ್ತದೆ.

ಖರ್ಚು ಮತ್ತು ನೆರವು

ಗೇಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ ಮಾನ್ಯತೆಯುಳ್ಳ ಸಂಸ್ಥೆಯಲ್ಲಿ ಪೂರ್ಣಾವಧಿ ಎಂ.ಟೆಕ್. ಸೇರಿದವರಿಗೆ ಹಲವು ವರ್ಷಗಳಿಂದ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ನಿಗದಿಯಾಗಿದೆ. ಇದು 24 ತಿಂಗಳಿಗೆ ಮಾತ್ರ. ಕೃಷಿ ಅನುಸಂಧಾನ ಪರಿಷತ್ತಿನ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಪಡೆದವರಿಗೂ, ಆ ಪರೀಕ್ಷೆಯ ಮೂಲಕ ಹೊರರಾಜ್ಯಕ್ಕೆ ಹೋಗಿ ಓದುವವರಿಗೂ ಪರಿಷತ್ತಿನ ವಿದ್ಯಾರ್ಥಿವೇತನಗಳಿವೆ. ಪರೀಕ್ಷೆಗೆ ಚೆನ್ನಾಗಿ ಸಿದ್ಧತೆ ಮಾಡಿಕೊಂಡವರು ಪ್ರವೇಶವನ್ನಷ್ಟೇ ಅಲ್ಲ, ಊಟ ವಸತಿಯ ಖರ್ಚನ್ನೂ ಗಳಿಸಿಕೊಳ್ಳುತ್ತಾರೆ.

ಸಾಲ ಅನಿವಾರ್ಯವಾದರೆ ಬ್ಯಾಂಕಿನ ಶಿಕ್ಷಣ ಸಾಲವನ್ನೇ ತೆಗೆಯಬೇಕು. 4 ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಜಮೀನನ್ನಾಗಲಿ ಮನೆಯನ್ನಾಗಲಿ ಅಡವು ಕೇಳುವಂತಿಲ್ಲ. ಜಮೀನು ಮಾರಿ ಓದಿಸಬೇಕಾದ ಪದವಿ ಇದಲ್ಲ. ಒಂದು ಸಲ ಪರೀಕ್ಷೆಯಲ್ಲಿ ಸ್ಥಾನ ಸಿಗದಿದ್ದರೆ ಮುಂದಿನ ವರ್ಷ ಮತ್ತೆ ಬರೆಯಬಹುದು. ಮಾರಿದ ಎಕರೆ ಮತ್ತೆ ಬಾರದು.

ಮಾನ್ಯತೆಯನ್ನು ನೋಡಿ ಸೇರಿರಿ

"ಕಾಲೇಜಿಗೆ ಬರುವುದೇ ಬೇಡ, ಮನೆಯಲ್ಲಿಯೇ ಕುಳಿತು ಎಂಜಿನಿಯರಿಂಗ್ ಪದವಿ ಪಡೆಯಿರಿ" ಎಂಬ ಜಾಹೀರಾತುಗಳಿಗೆ ಮರುಳಾಗಬಾರದು. ಒಡಿಶಾದ ಏತ ನೀರಾವರಿ ನಿಗಮದ ನೌಕರರೊಬ್ಬರ ಬಡ್ತಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2017ರ ನವೆಂಬರಿನಲ್ಲಿ ತೀರ್ಪು ನೀಡಿತು. ಅನುಮೋದನೆಯಿಲ್ಲದೆ ಕೆಲವು ಪರಿಗಣಿತ ವಿಶ್ವವಿದ್ಯಾನಿಲಯಗಳು ಅಂಚೆ ಶಿಕ್ಷಣದ ಮೂಲಕ ಕೊಟ್ಟಿದ್ದ ಎಂಜಿನಿಯರಿಂಗ್ ಪದವಿಗಳು ಇದರಿಂದ ತೊಂದರೆಗೆ ಸಿಕ್ಕಿದವು. 2001ರಿಂದ 2005ರ ಅವಧಿಯಲ್ಲಿ ಸೇರಿದ್ದವರ ಪದವಿಗಳನ್ನು ಮತ್ತೊಂದು ಪರೀಕ್ಷೆ ಪಾಸಾಗುವವರೆಗೆ ಅಮಾನತ್ತಿನಲ್ಲಿಡಲಾಯಿತು. ಅನಂತರ ಸೇರಿದವರ ಪದವಿಗಳು ರದ್ದಾದವು. ಕಟ್ಟಿದ ಹಣ ಮತ್ತು ಕಳೆದ ವರ್ಷಗಳ ಜೊತೆಗೆ ಆ ಪದವಿಯಿಂದ ದೊರೆತಿದ್ದ ಬಡ್ತಿಗೂ ಕುತ್ತು ಬಂತು. ಬಿತ್ತನೆ ಬೀಜದ ಚೀಲದ ಮೇಲೆ ಪ್ರಮಾಣಪತ್ರದ ಚೀಟಿ ನೋಡುವಂತೆ ಕಾಲೇಜಿನ ಮಾನ್ಯತೆಯನ್ನೂ ನೋಡಿ ಸೇರಬೇಕು.

ಯಾರು ಸೇರಬೇಕು, ಯಾರು ಬೇಡ?

ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗೆ ನಾಲ್ಕು ವರ್ಷಗಳ ಪದವಿಯೇ ಸಾಕು. ಊರಿನಲ್ಲಿ ಯಂತ್ರ ಬಾಡಿಗೆ ಕೇಂದ್ರ ನಡೆಸಲು, ಹನಿ ನೀರಾವರಿ ಅಳವಡಿಸುವ ಉದ್ಯೋಗ ಹಿಡಿಯಲು ಎಂ.ಟೆಕ್. ಬೇಕಿಲ್ಲ, ಅದಕ್ಕೆ ಬಿ.ಟೆಕ್. ಜೊತೆಗೆ ಎರಡು ವರ್ಷಗಳ ಅನುಭವ ಹೆಚ್ಚು ಉಪಯುಕ್ತ. ಸಂಶೋಧನೆ, ಬೋಧನೆ, ಯಂತ್ರಗಳ ವಿನ್ಯಾಸ ಇವುಗಳಲ್ಲಿ ಮನಸ್ಸಿರುವವರಿಗೆ ಎಂ.ಟೆಕ್. ಅವಶ್ಯಕ. ಅಂಥವರು ಅಲ್ಲಿಗೇ ನಿಲ್ಲುವಂತಿಲ್ಲ. ಮುಂದೆ ಪಿಎಚ್.ಡಿ. ಮಾಡಬೇಕಾಗುತ್ತದೆ. ಅದಕ್ಕೆ 100 ಕ್ರೆಡಿಟ್, ಅದರಲ್ಲಿ 75 ಸಂಶೋಧನೆಗೆ, ಕನಿಷ್ಠ ಮೂರು ವರ್ಷ. ಬೇರೆ ಕೆಲಸ ಸಿಗಲಿಲ್ಲವೆಂದು ಕಾಲ ನೂಕಲು ಎಂ.ಟೆಕ್. ಸೇರುವುದು ಹದವಿಲ್ಲದ ನೆಲದಲ್ಲಿ ಬಿತ್ತಿದಂತೆ.

ವಿಸ್ತರಣಾ ಕಾರ್ಯಕರ್ತರು ರೈತರ ಮನೆಗಳಿಗೆ ಹೋದಾಗ ಬೆಳೆಯ ಮಾತಿನ ಜೊತೆಗೆ ಈ ಮಾತನ್ನೂ ಆಡಬೇಕು. ಹತ್ತನೆಯ ತರಗತಿಯ ಮಕ್ಕಳಿರುವ ಮನೆಯಲ್ಲಿ ಗಣಿತದ ವಿಷಯವನ್ನೂ, ಬಿ.ಟೆಕ್. ಮಕ್ಕಳಿರುವ ಮನೆಯಲ್ಲಿ ಪ್ರವೇಶ ಪರೀಕ್ಷೆಯ ವಿಷಯವನ್ನೂ ತಿಳಿಸಿದರೆ ಸಾಕು. ಅಷ್ಟರಿಂದಲೇ ಎಷ್ಟೋ ಮಕ್ಕಳ ದಾರಿ ಸುಗಮವಾಗುತ್ತದೆ.

ಮಕ್ಕಳನ್ನು ಎಂ.ಟೆಕ್.ಗೆ ಕಳುಹಿಸುವ ಮುನ್ನ ಹಿರಿಯರು ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಯಾವ ಶಾಖೆ, ಏಕೆ? ಯಾವ ಪರೀಕ್ಷೆ ಬರೆದಿದ್ದೀಯೆ? ಕಾಲೇಜಿಗೆ ಮಾನ್ಯತೆ ಇದೆಯೇ? ವಿದ್ಯಾರ್ಥಿವೇತನ ಎಷ್ಟು ತಿಂಗಳು ಬರುತ್ತದೆ? ಈ ನಾಲ್ಕಕ್ಕೂ ಮಗ ಅಥವಾ ಮಗಳು ತಡವರಿಸದೆ ಉತ್ತರ ಕೊಟ್ಟರೆ ಸಂತೋಷದಿಂದ ಕಳುಹಿಸಿಕೊಡಿರಿ. ಉತ್ತರ ಇಲ್ಲದಿದ್ದರೆ ಗದರಿಸಬೇಡಿರಿ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೃಷಿ ಕಾಲೇಜಿಗೋ ಜೊತೆಯಲ್ಲಿಯೇ ಹೋಗಿ ವಿಚಾರಿಸಿ ಬನ್ನಿರಿ.